ಹ ಅಲ್ಲದ ಹ

ಸೇತುವೆ ಎಲ್ಲಿ ಎಂದು ಕೇಳಿದಳು ಲಿಡಿಯಾ ಅರ್ಕಾದಿಯೆವ್ನಾ,
ಊರಿಗೆ ಬಂದ ಎರಡನೆಯ ದಿನ.
ಕಲ್ಲುಗೋಡೆಗೆ ಒರಗಿ ಕೂತಿದ್ದ ಮುದುಕರು
ಒಬ್ಬರ ಮುಖ ಒಬ್ಬರು ನೋಡಿ
ಮರ್ಯಾದೆಯಿಂದಲೇ ಎದ್ದು, ಕರೆದೊಯ್ದು
ಕೊಟ್ಟಿಗೆ ತೋರಿಸಿದರು.
ಒಳಗೆ ಕುರಿ. ಹಿಕ್ಕೆಯ ಬಿಸಿ.
"ಒಳ್ಳೆಯ ಕೊಟ್ಟಿಗೆ," ಅಂದಳು.
ಇನ್ನೇನು ಅಂದಾಳು?

ದಾಗೆಸ್ತಾನದ ಗುಡ್ಡದ ಈ ಅಗುಲರ ಬಾಯಲ್ಲಿ
ಕೊಟ್ಟಿಗೆಗೂ ಸೇತುವೆಗೂ ನಡುವೆ ಇರುವುದು
ಗಂಟಲಾಳದ ಒಂದು ನಾದ, ಅಷ್ಟೆ.
ಅದು ಮೊಳಗಿದರೆ ಹೊಳೆ ದಾಟುತ್ತೀ,
ಇಲ್ಲವಾದರೆ ಕುರಿಗಳ ಜೊತೆ.

ಆದರೆ ಅವಳು ಬಂದದ್ದು ಇದಕ್ಕಲ್ಲ.
ಇದಕ್ಕಿಂತ ಒಂದು ಮೆಟ್ಟಿಲು ಕೆಳಗೆ
ಇನ್ನೊಂದಿದೆ ಎಂದು ಯಾರೋ ಬರೆದಿದ್ದರು,
ಹಾಲೊಡೆದ ಮೇಲೆ ಉಳಿಯುವ ತಿಳಿಗೆ
ಇವರು ಹೇಳುವ ಪದದ ಕೊನೆಯಲ್ಲಿ.

ಕನ್ನಡದಲ್ಲಿ ಬರೆಯಹೊರಟರೆ
ನನ್ನ ಕೈಯಲ್ಲಿರುವುದು ಒಂದೇ ಹ.
ಕೊಟ್ಟಿಗೆಗೂ ಅದೇ, ತಿಳಿಗೂ ಅದೇ,
ಅಣ್ಣತಮ್ಮಂದಿರು ಸರದಿಯಲ್ಲಿ ತೊಡುವ
ಒಂದೇ ಕೋಟಿನ ಹಾಗೆ.
ಕ ಖ ಗ ಘ ಕಂಠ್ಯವೆಂದು
ಕೈಕಟ್ಟಿ ನಿಂತು ಕಲಿತವನು ನಾನು.
ಈಗ ನೋಡಿದರೆ ಆ ಕ
ಗಂಟಲ ಹೊಸ್ತಿಲಲ್ಲೇ ಚಪ್ಪಲಿ ಬಿಡದೆ ನಿಂತು
ಹೊರಗಿನಿಂದಲೇ ಮಾತಾಡಿಸಿ ಹೋಗುವ ನೆಂಟ.
ಒಳಮನೆ ನೋಡಿದವರು ಇವರು.

ರಾತ್ರಿ ದೀಪ ಆರಿಸಿ ಅಭ್ಯಾಸ ಮಾಡುತ್ತಿದ್ದಳು.
ಗೋಡೆಯಾಚೆ ಪೆರಿಜಾತ್ ಕೇಳಿಸಿಕೊಂಡು
ಬೆಳಿಗ್ಗೆ ಜೇನು ಬೆರೆಸಿದ ಕಾಡುಸೊಪ್ಪಿನ ಕಷಾಯ
ಬಾಗಿಲಲ್ಲಿಟ್ಟಳು, ಮೇಲೊಂದು ತಟ್ಟೆ ಮುಚ್ಚಿ.
ಎದೆ ಕೆಟ್ಟಿದೆ ಪಾಪ, ಯಾರೂ ಇಲ್ಲವೇನೋ,
ಎಂದು ಓಣಿಯೆಲ್ಲ ಸುದ್ದಿ.

ಮೂರನೆಯ ವಾರ ದೆರ್ಬೆಂತಿನಿಂದ ಡಾಕ್ಟರು ಬಂದ,
ಶೂ ಲೇಸಿನಷ್ಟು ಸಣ್ಣ ಕ್ಯಾಮೆರಾ ಹಿಡಿದು.
ಮೂಗು ಕೊಟ್ಟವನು ಸೆಫಿಬೆಕ್,
ಪೆರಿಜಾತಳ ಮೈದುನ, ಪಾತ್ರೆಗೆ ಕಲಾಯಿ ಹಾಕುವವನು.
ಕಣ್ಣಲ್ಲಿ ನೀರು. ಹೇಳು ಅಂದರು.
ಹೇಳಿದ.

ಪರದೆಯ ಮೇಲೆ ಕೆಂಪು ಒದ್ದೆ ಗವಿ.
ನಾಲಗೆಯ ಬುಡದಲ್ಲಿ ಎಲೆಯಂಥದ್ದೊಂದು ಹಿಂದಕ್ಕೆ ಬಾಗಿತು.
ಕೆಳಗಿನ ಮಡಿಕೆಗಳು ಎದ್ದು ಬಂದು ಅದಕ್ಕೆ ಒತ್ತಿದವು.
ಕಿಂಡಿಯಲ್ಲಿ ಸಿಕ್ಕ ಉಸಿರು
ಅದುರಿ, ಒರೆಸಿಕೊಂಡು, ಹೊರಬಿತ್ತು.
ತುತ್ತು ಉಸಿರಿನ ದಾರಿ ಹಿಡಿಯದಂತೆ
ಕಾಯಲಿಕ್ಕೆ ಇಟ್ಟ ಬಾಗಿಲು ಅದು.
ಎಂದೋ ಯಾರೋ ಆ ಬಾಗಿಲನ್ನೇ
ತಟ್ಟಿ ನೋಡಿರಬೇಕು.

ಸೆಫಿಬೆಕ್ ಮೂಗೊರೆಸಿಕೊಂಡು ಬಹಳ ಹೊತ್ತು ನೋಡಿದ.
"ಇಂಥ ಜಾಗದಿಂದಲೇ
ನಮ್ಮಮ್ಮ ಜೋಗುಳ ಹಾಡಿದ್ದು?"

ಮುಂದಿನದು ಪಂಡಿತರ ಜಗಳ.
ಸ್ಥಾನವೇ ಬೇರೆ, ಗಂಟಲ ಮುಚ್ಚಳದ್ದು,
ಹೊಸ ಕಂಬಸಾಲು ಎಳೆಯಿರಿ, ಅಂದರು ಕೆಲವರು.
ಸ್ಥಾನ ಒಂದೇ, ಪ್ರಯತ್ನ ಬೇರೆ,
ಧ್ವನಿಪೆಟ್ಟಿಗೆ ತುಸು ಮೇಲೇರಿದೆ, ಅದುರು ಹೆಚ್ಚು,
ಅಷ್ಟಕ್ಕೆಲ್ಲ ಯಾಕೆ ಸಾಲು, ಅಂದರು ಇನ್ನು ಕೆಲವರು.
ಜಗತ್ತಿನ ಸದ್ದುಗಳಿಗೆಲ್ಲ ಚೌಕ ಹಂಚಿದ ಕೋಷ್ಟಕದಲ್ಲಿ
ಇದಕ್ಕೆ ಮನೆ ಸಿಗಲಿಲ್ಲ.
ಕೆಳಗೆ, 'ಇತರ ಚಿಹ್ನೆಗಳು' ಎಂಬ ಜಗಲಿಯಲ್ಲಿ
ಚಾಪೆ ಹಾಸಿಕೊಟ್ಟರು.

ಇದರ ಒಡಹುಟ್ಟು ಒಂದಿದೆ,
ಕಿಂಡಿಯನ್ನು ಪೂರಾ ಮುಚ್ಚಿ ತೆರೆಯುವ ಸದ್ದು.
ಅದಕ್ಕೂ ಜಗಲಿಯೇ.
ಅಗುಲರಲ್ಲಿ 'ನಡು' ಎಂಬ ಪದ
ಮುಗಿಯುವುದು ಅದರಲ್ಲಿ.
'ಅಳತೆ' ಎಂಬುದೂ.
ಲಿಡಿಯಾ ಇದನ್ನು ಟಿಪ್ಪಣಿಯ ಅಂಚಿಗೆ ಬರೆದು
ಪ್ರಬಂಧಕ್ಕೆ ಒಗ್ಗದೆಂದು ಹೊಡೆದುಹಾಕಿದಳು.

ಹೊರಡುವ ಹಿಂದಿನ ಸಂಜೆ
ಪೆರಿಜಾತ್ ಒಡೆದ ಹಾಲನ್ನು ಬಟ್ಟೆಗೆ ಕಟ್ಟಿ ಹಿಂಡುತ್ತಿದ್ದಳು,
ಮೊಣಕೈತನಕ ಒದ್ದೆ.
ಲಿಡಿಯಾ ಬಟ್ಟಲು ಚಾಚಿ
ಒಂದೇ ಒಂದು ಪದ ಅಂದಳು.
ಅಂದು, ಕಾದಳು.

ಪೆರಿಜಾತ್ ತಲೆಯೆತ್ತಲಿಲ್ಲ.
ಹೊಗಳಲಿಲ್ಲ, ನಗಲಿಲ್ಲ,
ಕಷಾಯದ ಮಾತೂ ಎತ್ತಲಿಲ್ಲ.
ಬಟ್ಟಲು ತುಂಬಿಸಿ
ಕುರಿಮರಿಯನ್ನು ಕಾಲಲ್ಲೇ ಆಚೆ ಸರಿಸುತ್ತ
"ಚೆಲ್ಲೀಯೆ," ಅಂದಳು.